ಕೊಲೆಸ್ಟ್ರಾಲ್ ಇಳಿದ ವರ್ಷ

ಜನವರಿ 9. ಸಂಜೆ 6

ದಿನವಿಡೀ ಪ್ಯಾಂಟುಗಳಿಗೆ ಜಿಪ್ ಹಾಕಿದ್ದೇ ಆಯಿತು. ಮಷೀನಿನ ಬೆಲ್ಟ್ ಮತ್ತೆ ಸಡಿಲ. ತಮ್ಮ ಡ್ಯೂಟಿ ಮುಗಿಸಿ ಬಂದವನು ರಕ್ತದ ರಿಪೋರ್ಟನ್ನು ನನ್ನ ಹೊಲಿಗೆಯ ಮೇಲೇ ಇಟ್ಟ. ಬಸ್ ಕಂಡಕ್ಟರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ. ಕೊಲೆಸ್ಟ್ರಾಲ್ ಹೋದ ಸಲ ಇನ್ನೂರರ ಹತ್ತಿರ. ಈಗ ನೂರ ಇಪ್ಪತ್ತೆಂಟು.

"ಅಕ್ಕಾ, ನಿನ್ನ ಸಪ್ಪೆ ಅಡುಗೆಗೆ ಡಿಪೋದವರು ಪದಕ ಕೊಡ್ತಾರಂತೆ."

"ಕೊಡ್ಲಿ. ಕೊರಳಿಗೆ ಹಾಕ್ಕೊಂಡೇ ಹೊಲೀತೀನಿ."

ನಮ್ಮವರು ಹೋದ ಮೇಲೆ ಇಷ್ಟು ನಕ್ಕಿರಲಿಲ್ಲ. ಅವರ ಎದೆಯ ನಾಳದಲ್ಲಿ ಕೊಬ್ಬು ಕಟ್ಟಿತ್ತು. ಕುರ್ಚಿಯಲ್ಲಿ ಕೂತವರು ಹಾಗೇ... ಆವತ್ತೇ ಬಾಣಲೆಯನ್ನು ಅಟ್ಟಕ್ಕೆ ಹಾಕಿದೆ. ತಮ್ಮನನ್ನಾದರೂ ಉಳಿಸಿಕೊಂಡೆ.

ಜನವರಿ 22

ತಮ್ಮ ಖಾರ ಬೇಡ ಅಂದ. ಮೆತ್ತಗೆ ಬೇಯಿಸು ಅಂದ. ಅರ್ಧಕ್ಕೇ ಎದ್ದ. ಅಂತೂ ಬುದ್ಧಿ ಬಂತು.

ಫೆಬ್ರವರಿ 3. ಮಧ್ಯಾಹ್ನ

ಹಲ್ಲುನೋವೆಂದು ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಯಲು ಹೇಳಿದರು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಹೊಗೆಸೊಪ್ಪು ಇಟ್ಟುಕೊಳ್ಳುವ ಕೆನ್ನೆಯಲ್ಲಿ ಬಿಳಿ ಕಲೆ. ಒಂದು ಅಂಚು ಕೆಂಪು.

ಆರೋಗ್ಯವೇನೋ ಚೆನ್ನಾಗಿದೆ ಎಂದು ರಿಪೋರ್ಟು ಮುಂದೆ ಹಿಡಿದೆ. ನಾನೇ ಹಿಡಿದೆ.

"ಕೊಲೆಸ್ಟ್ರಾಲಿಗೆ ಮಾತ್ರೆ ತಗೋತಾರಾ?"

"ಇಲ್ಲ ಡಾಕ್ಟ್ರೇ. ನನ್ನ ಅಡುಗೆ."

ಅವರು ನಗಲಿಲ್ಲ. "ಬಾಯಲ್ಲಿ ಇಂಥ ಕಾಯಿಲೆ ಇರೋ ಕೆಲವರಲ್ಲಿ ರಕ್ತದ ಕೊಬ್ಬು ಇಳಿದಿರುತ್ತೆ. ಊಟದಿಂದಲೂ ಇಳೀಬಹುದು. ಅದೊಂದನ್ನೇ ನಂಬಕ್ಕಾಗಲ್ಲ. ಕೆನ್ನೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು."

ಊಟದಿಂದಲೂ ಇಳಿಯಬಹುದು. ನನ್ನ ಕಿವಿಗೆ ಅಷ್ಟೇ ಬಿತ್ತು.

ಫೆಬ್ರವರಿ 4

ಚೂರು ತೆಗೆಸಲು ತಮ್ಮ ಒಲ್ಲೆ ಅಂದ. "ಜಾಸ್ತಿಯಾದ್ರೂ ಕಾಯಿಲೆ, ಕಡಿಮೆಯಾದ್ರೂ ಕಾಯಿಲೆ. ಈ ಡಾಕ್ಟ್ರುಗಳ ಹೊಟ್ಟೆ ತುಂಬೋದು ಹೇಗೆ ಮತ್ತೆ?"

ಗದರಬೇಕಿತ್ತು. ತಟ್ಟೆಗೆ ಬಡಿಸಿದೆ.

ಮಾರ್ಚ್ 29. ಸಂಜೆ 7

ಅವನ ಬಸ್ಸಿನ ಡ್ರೈವರ್ ಅಂಗಡಿಗೇ ಬಂದಿದ್ದ. ನಿಂತೇ ಮಾತಾಡಿದ.

"ಅಕ್ಕ, ಇವನು ಸ್ಟಾಪು ಕೂಗಿದ್ರೆ ಮಲಗಿದ್ದೋರು ಎದ್ದು ಇಳೀತಿದ್ರು. ಈಗ ಕನ್ನಡಿಯಲ್ಲಿ ಬಾಯಾಡೋದು ಕಾಣ್ಸುತ್ತೆ, ಮಾತು ಕೇಳ್ಸಲ್ಲ. ನೀವು ನೋಡಿಲ್ವಾ?"

ನೋಡಿದ್ದೆ. ಅವನ ಸೊಂಟದ ಬೆಲ್ಟಿಗೆ ಹೊಸ ತೂತು ಹಾಕಿಕೊಟ್ಟವಳೇ ನಾನು. ನಿಜವೆಂದರೆ, ಅವನು ಸೊರಗಿದ್ದು ನನ್ನ ಅಡುಗೆಯಿಂದಲೇ ಆಗಿರಲಿ ಎಂದು ಬೇಡಿಕೊಂಡಿದ್ದೆ. ನಮ್ಮವರ ವಿಷಯದಲ್ಲಿ ಕೈಲಾಗದ್ದು ಇವನ ವಿಷಯದಲ್ಲಾದರೂ ಆಯಿತು ಅನ್ನಿಸಿಕೊಳ್ಳುವ ಆಸೆ. ಎದೆಯೊಂದನ್ನೇ ಕಾಯುತ್ತ ಕೂತೆ.

ಡ್ರೈವರೇ ಅವನ ತೋಳು ಹಿಡಿದು ಆಸ್ಪತ್ರೆಗೆ ಕರೆದೊಯ್ದ. ಚೂರು ತೆಗೆದರು.

ಏಪ್ರಿಲ್ 7

ಕ್ಯಾನ್ಸರ್. ಗಂಟಲಿಗೆ ಇಳಿದಿಲ್ಲವಂತೆ.

"ಫೆಬ್ರವರಿಯಲ್ಲೇ ಚೂರು ತೆಗೆಸಿದ್ದಿದ್ರೆ?" ಕೇಳಿದೆ.

ಡಾಕ್ಟರಮ್ಮ ಕನ್ನಡಕ ಒರೆಸಿದರು. "ಆಗಿನ್ನೂ ಬರೀ ಕಲೆ ಇದ್ದಿರಬಹುದು. ಆಗ್ಲೇ ಕ್ಯಾನ್ಸರ್ ಆಗಿದ್ದಿರಲೂಬಹುದು. ಅದನ್ನ ಈಗ ಯಾರೂ ಹೇಳಕ್ಕಾಗಲ್ಲ, ಅಮ್ಮ."

ಯಾರಾದರೂ ಹೇಳಿದ್ದರೆ ಅಳಬಹುದಿತ್ತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ತಮ್ಮನೇ ನನ್ನನ್ನು ಸಮಾಧಾನ ಮಾಡಿದ. "ಮುಖ ಯಾಕೆ ಹಾಗೆ ಮಾಡ್ತೀಯ? ಹೃದಯ ಫಸ್ಟ್ ಕ್ಲಾಸ್ ಇದೆಯಂತೆ, ಆಪರೇಷನ್ ತಡ್ಕೊಳ್ಳುತ್ತಂತೆ."

ಏಪ್ರಿಲ್ 18. ಸಂಜೆ 5

ವಾರ್ಡು. ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿದೆ. ಕೆನ್ನೆಯ ಒಳಗನ್ನು ತೆಗೆದು ತೊಡೆಯ ಚರ್ಮ ಕೂರಿಸುತ್ತಾರೆ. ಕೆಲವು ವಾರ ಮಾತಿಲ್ಲ. ಆಮೇಲೆ ಎಷ್ಟು ಸ್ಪಷ್ಟವಾಗಿ ಬರುತ್ತದೋ ನೋಡಬೇಕು ಅಂದರು.

ತಮ್ಮ ಮಧ್ಯಾಹ್ನದಿಂದ ಸುಮ್ಮನಿಲ್ಲ. ನೋವಿದೆ, ಆದರೂ ಸುಮ್ಮನಿಲ್ಲ. ಪಕ್ಕದ ಹಾಸಿಗೆಯ ಮುದುಕರಿಗೆ ಹಲ್ಲಿಲ್ಲದ ಬಾಯಿಯ ಲಾಭಗಳನ್ನು ವಿವರಿಸಿದ. ನರ್ಸಿಗೆ ಮದುವೆ ಮಾಡಿಕೋಬೇಡಿ ಅಂದ. ನನ್ನ ಕಡೆ ತಿರುಗಿದ.

"ಗುಮ್ಮನ ಹಾಗೆ ಕೂತಿದೀಯಲ್ಲ. ಏನಾದ್ರೂ ಕೇಳು. ಇವತ್ತು ಕೇಳಿದ್ದಕ್ಕೆಲ್ಲ ಉತ್ತರ."

ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಬೇಕಿತ್ತು. ಬಚ್ಚಲಿನ ಬಲ್ಬು ಹೋಗಿದೆ, ಯಾವುದು ತರಲಿ ಎಂದು ಕೇಳಿದೆ.

ಅದಕ್ಕೇ ಹತ್ತು ನಿಮಿಷ ಹೇಳಿದ. ಯಾವ ಅಂಗಡಿ, ಯಾವ ಬಣ್ಣದ ಡಬ್ಬ, ಯಾವ ಸ್ಟೂಲು ಅಲ್ಲಾಡುತ್ತದೆ, ಹತ್ತಬೇಡ. ನಡುನಡುವೆ ಎಂಜಲು ಒರೆಸಿಕೊಂಡು ಮತ್ತೆ ಹೇಳಿದ. ನಾನು ಹೂಂ ಹೂಂ ಅನ್ನುತ್ತಿದ್ದೆ. ಈಗಲೂ ಹೇಳುತ್ತಲೇ ಇದ್ದಾನೆ...

ನಾಳೆ ಎಂಟಕ್ಕೆ ಆಪರೇಷನ್.