ಒಂಬತ್ತು ಫಾಲೋವರ್‌ಗಳ ಮೇಡಂ

ಬುಧವಾರ, ಊಟದ ಬಿಡುವು
ಕನ್ನಡಕದಂಗಡಿಯ ಹಿಂದಿನ ಕೋಣೆ

ಪ್ರೀತಿಯ ಗೂಬೆ,

ಹಾಗಾದರೆ ಶನಿವಾರ ನೀನು ಬಂದೇ ಬರ್ತೀಯ. ನಿನ್ನೆ ನೀನು ವಾಯ್ಸ್ ಮೆಸೇಜ್‌ನಲ್ಲಿ, ಪಾಸ್ ಸಿಗದಿದ್ದರೆ ರಸ್ತೆಯಲ್ಲೇ ನಿಂತು ಕೂಗ್ತೀನಿ, ನನ್ನ ಹೆಸರು ಕಿವಿಗೆ ಬಿದ್ದರೆ ಸಾಕು, ಮೇಡಂ ತಿರುಗಿ ನೋಡೇ ನೋಡ್ತಾರೆ ಅಂತ ಹೇಳಿದೆಯಲ್ಲ, ಅದಕ್ಕೆ ನಾನು ಬರೀ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ಹೆಬ್ಬೆರಳು ಒತ್ತಿ ಸುಮ್ಮನಾಗುವ ಪೈಕಿ ನಾನಲ್ಲ ಅಂತ ನಿನಗೂ ಗೊತ್ತು. ಅದಕ್ಕೇ ಈ ಕಾಗದ.

ಕಾಗದ ಯಾಕೆ, ಯಾವ ಕಾಲದವಳೇ ನೀನು ಅಂತ ನಗಬೇಡ. ಇದನ್ನೇ ಚಾಟ್‌ನಲ್ಲಿ ನಾಲ್ಕು ಸಲ ಬರೆದು ಕಳಿಸಿ, ನೀನು ನೋಡುವ ಮೊದಲೇ ನಾಲ್ಕು ಸಲವೂ ಅಳಿಸಿದೆ. ಮೆಸೇಜ್ ಅಳಿಸಲಾಗಿದೆ ಅನ್ನುವ ಸಾಲುಗಳನ್ನು ನೋಡಿ ನೀನು, ಏನೇ ಇದು, ಯಾರನ್ನಾದರೂ ಲವ್ ಮಾಡ್ತಿದ್ದೀಯಾ ಅಂತ ಕೇಳಿದೆ. ಲವ್ ಆಗಿದ್ದರೆ ಇಷ್ಟು ಕಷ್ಟ ಇರಲಿಲ್ಲ ಕಣೇ. ಇದನ್ನು ನಿಮ್ಮ ಎಕ್ಸ್‌ರೇ ವಿಭಾಗದ ಕೌಂಟರಿನಲ್ಲಿರುವ ಸಿಸ್ಟರ್ ಕೈಗೆ ಕೊಟ್ಟರೆ ಮುಗಿಯಿತು. ಓಡಿಹೋಗಿ ಕಸಿದುಕೊಳ್ಳೋಣ ಅಂದರೂ ಅವರು ಬಿಡುವ ಹೆಂಗಸಲ್ಲ.

ಮೊದಲು ಚಿಕ್ಕ ಸುಳ್ಳು. ಶನಿವಾರ ಹನ್ನೊಂದು ಗಂಟೆಗೆ ನಮ್ಮ ಯಜಮಾನರ ಹೊಸ ಅಂಗಡಿ ತೆರೆಯಲು ನಮ್ಮ ನೆಚ್ಚಿನ ನಟಿ ಮೇಡಂ ಬರುತ್ತಾರೆ. ವೇದಿಕೆ ಹತ್ತಿ ಅವರನ್ನು ಮಾತಾಡಿಸಲಿಕ್ಕೆ ನಮಗೆಲ್ಲ ಒಂದೊಂದು ಪಾಸ್ ಕೊಟ್ಟಿದ್ದಾರೆ. ನನ್ನದು ನಿನಗೇ ಸೇರಬೇಕಾದ್ದು. ಕೇಳಿದಾಗ, ಮುಗಿದುಹೋಯ್ತು ಕಣೇ ಅಂದೆ. ಮುಗಿದಿರಲಿಲ್ಲ. ಈ ಲಕೋಟೆಯೊಳಗೇ ಇದೆ. ಆದರೆ ಕಾಗದ ಪೂರ್ತಿ ಓದಿದ ಮೇಲೆ ಅದನ್ನು ಮುಟ್ಟು.

ಇನ್ನು ದೊಡ್ಡ ಸುಳ್ಳು. ಆರು ವರ್ಷದ ಹಿಂದೆ ನಿನಗೆ ಮೆಸೇಜ್ ಮಾಡುತ್ತಿದ್ದ ಮೇಡಂ, ಮೇಡಂ ಅಲ್ಲ. ನಾನು.

ಇಷ್ಟು ಬರೆದು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ. ನೋಡು, ಈಗಲೂ ನೀರೇ. ಎಂಟನೇ ಕ್ಲಾಸಿನಲ್ಲಿ ನಿಮ್ಮ ಮನೆಯ ಟೀವಿ ಮುಂದೆ ಕೂತು ಅವರ ಮೊದಲ ಸಿನಿಮಾ ನೋಡಿದೆವಲ್ಲ. ಟೀವಿ ಒಳಗೇ ಹೋಗ್ತೀರಾ ಹೇಗೆ, ಹಿಂದೆ ಸರೀರೇ ಅಂತ ನಿಮ್ಮಜ್ಜಿ ಗೊಣಗುತ್ತಿದ್ದರು. ಅದರಲ್ಲಿ ಅವರು ಗುಮಾಸ್ತೆ. ಎಲ್ಲರ ಎದುರು ಅಧಿಕಾರಿ ಬೈದಾಗ, ಈಗ ಅಳ್ತಾಳೆ, ಈಗ ಅಳ್ತಾಳೆ ಅಂತ ನಾವು ಉಸಿರು ಬಿಗಿಹಿಡಿದಿದ್ದೆವು. ಅಳಲಿಲ್ಲ. ಮುಂದಿದ್ದ ಕಾಗದಗಳಿಗೆಲ್ಲ ಸೀಲು ಹೊಡೆದು ಮುಗಿಸಿ, ಒಂದು ಲೋಟ ನೀರನ್ನು ಕೊನೆಯ ಹನಿವರೆಗೂ ಕುಡಿದಳು. ಅಷ್ಟೇ ದೃಶ್ಯ. ಮಾರನೇ ದಿನ ಲೆಕ್ಕದ ಟೀಚರ್ ನಿನ್ನನ್ನು ಬೈದಾಗ ನೀನು ಬಾಟಲಿ ಎತ್ತಿ ಗಟಗಟ ಕುಡಿದೆ, ನನಗೆ ನಗು ತಡೆಯಲಾಗದೆ ನನ್ನನ್ನೂ ಹೊರಗೆ ನಿಲ್ಲಿಸಿದರು. ನಮ್ಮ ಸ್ನೇಹ ಗಟ್ಟಿಯಾದದ್ದು ಅಲ್ಲೇ. ಈಗಲೂ ಯಾರಾದರೂ ಗಿರಾಕಿ, ಈ ಕನ್ನಡಕದಲ್ಲಿ ಏನೂ ಕಾಣಲ್ಲ ಅಂತ ರೇಗಿದರೆ ನಾನು ಮೊದಲು ನೀರು ಕುಡಿದು, ಆಮೇಲೆ ಅವರು ಅದನ್ನು ತಿರುಗಾಮುರುಗಾ ಹಾಕಿಕೊಂಡಿದ್ದಾರೆ ಅಂತ ತೋರಿಸುತ್ತೇನೆ.

ಈಗ ಆ ಹನ್ನೊಂದು ದಿನಗಳ ವಿಷಯ. ನೀನು ಎಕ್ಸ್‌ರೇ ಕೋರ್ಸಿನ ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ ಕೋಣೆ ಸೇರಿದೆ. ನಾನು ದಿನಾ ಬಂದು ಬಾಗಿಲ ಹೊರಗೆ ಕೂತು ಮಾತಾಡುತ್ತಿದ್ದೆ. ಒಳಗಿನಿಂದ ಒಂದು ಹ್ಞೂಂ ಕೂಡ ಇಲ್ಲ. ನಿನ್ನಮ್ಮ ತಟ್ಟೆ ಇಟ್ಟು ಹೋಗುವುದು, ಹಾಗೇ ವಾಪಸ್ ಒಯ್ಯುವುದು. ಆದರೆ ಮೇಡಂ ಫೋಟೋ ಬಂದರೆ ಮಾತ್ರ ಅದರ ಕೆಳಗೆ ನಿನ್ನ ಲೈಕ್ ಬೀಳುತ್ತಿತ್ತು. ಅಂದರೆ ನನಗೆ ತೆರೆಯದ ಬಾಗಿಲು ಅವರಿಗೆ ತೆರೆದಿದೆ ಅಂತಾಯಿತು. ಅವರ ಮನೆಯಲ್ಲಿ ಕರೆಯುವ ಹೆಸರು ಅಭಿಮಾನಿ ಗ್ರೂಪಿನ ನಮ್ಮಂಥ ಹುಚ್ಚರಿಗಷ್ಟೇ ಗೊತ್ತಿತ್ತಲ್ಲ, ಆ ಹೆಸರಿನಲ್ಲಿ ಅಕೌಂಟ್ ತೆರೆದೆ. ಗುಟ್ಟಿನ ಖಾತೆ, ಮನೆಯವರಿಗೆ ಮಾತ್ರ ಅಂತ ಬರೆದುಕೊಂಡೆ. ಫಾಲೋವರ್‌ಗಳು ಒಂಬತ್ತೇ ಜನ. ನೋಡು, ಎಷ್ಟು ಸರಳ ಮನುಷ್ಯರು ಅಂತ ನೀನು ಆಮೇಲೆ ನನಗೇ ಹೇಳಿದೆ. ಆ ಒಂಬತ್ತರಲ್ಲಿ ಎಂಟು ನಾನೇ. ಒಂಬತ್ತನೆಯವಳು ನೀನು.

ಅವರ ಹಾಗೆ ಬರೆಯುವುದು ಕಷ್ಟ ಆಗಲಿಲ್ಲ. ಅವರ ಒಂದು ಸಂದರ್ಶನವನ್ನೂ ಬಿಟ್ಟವಳಲ್ಲ ನಾನು. ಅವರು ಯಾರಿಗೂ ಬುದ್ಧಿ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ನೀನು ಬರೆದ ನನ್ನ ಚಿತ್ರ ನೋಡಿದೆ, ಕೈಬೆರಳು ಯಾಕೆ ಅರ್ಧಕ್ಕೇ ಬಿಟ್ಟೆ ಅಂತ ಮೇಡಂ ಹೆಸರಲ್ಲಿ ಮೊದಲ ಮೆಸೇಜ್ ಕಳಿಸಿದೆ. ನಾಲ್ಕು ನಿಮಿಷಕ್ಕೆ ಉತ್ತರ ಬಂತು. ಆ ಸಂಜೆ ನೀನು ಊಟ ಮಾಡಿದೆ ಅಂತ ನಿನ್ನಮ್ಮ ಫೋನ್ ಮಾಡಿ ಹೇಳಿದಾಗ ನನಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹನ್ನೊಂದು ದಿನ ಬಾಗಿಲು ಕಾದವಳು ನಾನು, ಬೆರಳಿನ ಬಗ್ಗೆ ಒಂದು ಸಾಲು ಬರೆದು ಗೆದ್ದವರು ಅವರು.

ನಿಲ್ಲಿಸಬೇಕಿತ್ತು. ಮರುಪರೀಕ್ಷೆಗೆ ನೀನು ಅರ್ಜಿ ಹಾಕಿದ ದಿನವೇ ಸಾಕಿತ್ತು. ಆದರೆ ಹದಿನಾಲ್ಕು ತಿಂಗಳು ಎಳೆದೆ. ನನಗೆ ಹೇಳದ್ದನ್ನೆಲ್ಲ ನೀನು ಅವರಿಗೆ ಹೇಳುತ್ತಿದ್ದೆ, ಆ ರುಚಿ ಬಿಡಲಾಗಲಿಲ್ಲ. ನೀನು ಫೇಲಾದ ಮೇಲೆ ನಿನ್ನಪ್ಪ ನಿನ್ನ ತಟ್ಟೆಯ ಎದುರು ಕೂತು ಉಣ್ಣುವುದನ್ನು ಬಿಟ್ಟದ್ದು ನನಗೆ ಗೊತ್ತಾದದ್ದು ಹಾಗೆ. ಇನ್ನೊಂದೂ ಗೊತ್ತಾಯಿತು. ನನಗೊಬ್ಬಳು ಸ್ನೇಹಿತೆ ಇದ್ದಾಳೆ ಮೇಡಂ, ಒಳ್ಳೆಯವಳೇ, ಆದರೆ ಬಾಯಿ ಜಾಸ್ತಿ, ಕಿವಿ ಕಮ್ಮಿ ಅಂತ ನೀನು ಬರೆದೆ. ಓದಿ ನಾನು ಫೋನನ್ನು ಮಂಚಕ್ಕೆ ಎಸೆದೆ. ಆಮೇಲೆ ಎತ್ತಿಕೊಂಡು, ಅಂಥವರ ಮನಸ್ಸು ಚಿನ್ನ ಇರುತ್ತೆ ಅಂತ ಮೇಡಂ ಕೈಯಲ್ಲಿ ನನಗೇ ಒಂದು ಸರ್ಟಿಫಿಕೇಟ್ ಬರೆಸಿಕೊಂಡೆ. ಇದಕ್ಕೆ ನಾಚಿಕೆ ಆಗುತ್ತೆ. ಆದರೆ ಆಮೇಲಿಂದ ನೀನು ಮಾತಾಡುವಾಗ ನಾನು ನಡುವೆ ಬಾಯಿ ಹಾಕುವುದು ಕಡಿಮೆಯಾಗಿದೆ, ಗಮನಿಸಿದ್ದೀಯೋ ಇಲ್ಲವೋ.

ನೀನು ಕೋರ್ಸ್ ಮುಗಿಸಿ ಪಾಸಾದ ದಿನ, ಫೋನ್ ಬದಲಾಯಿಸ್ತಿದ್ದೀನಿ, ಚೆನ್ನಾಗಿರು ಅಂತ ಬರೆದು ಅಕೌಂಟ್ ಮುಚ್ಚಿದೆ. ಮೇಡಂ ಹೋದರು ಅಂತ ನೀನು ನನ್ನ ಭುಜದ ಮೇಲೆಯೇ ಎರಡು ದಿನ ಅತ್ತೆ. ನಾನು ಸಮಾಧಾನ ಮಾಡಿದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ.

ನಾನೂ ಎರಡು ಸಲ ಫೇಲಾಗಿದ್ದೆ ಅಂತ ಮೇಡಂ ಹೇಳಿದ್ದರಲ್ಲ, ಅದು ನಾನು ಹುಟ್ಟಿಸಿದ ಕಥೆ. ನೀನು ಅದನ್ನು ಗ್ರೂಪಿಗೆ ಹಾಕಿದೆ, ಗ್ರೂಪಿನಿಂದ ಊರಿಗೆಲ್ಲ ಹಬ್ಬಿತು. ಕೊನೆಗೆ ಸಂದರ್ಶನದಲ್ಲಿ ಯಾರೋ ಕೇಳಿದರೆ ಅವರು ನಕ್ಕು, ಯಾರು ಹೇಳಿದ್ದು, ನಾನು ಫೇಲಾಗೋಕೆ ಪರೀಕ್ಷೆಗೆ ಹೋಗಿದ್ದರೆ ತಾನೇ ಅಂದರು. ನಾನು ವಿಡಿಯೋ ಅಲ್ಲೇ ನಿಲ್ಲಿಸಿದೆ. ನೀನೋ, ಪಾಪ ಎಲ್ಲರೆದುರು ಹೇಳಿಕೊಳ್ಳೋಕೆ ಸಂಕೋಚ ಕಣೇ, ನನಗೊಬ್ಬಳಿಗೇ ಹೇಳಿದ್ದು ಅಂತ ಅವರ ಪರ ವಕಾಲತ್ತು ಮಾಡಿದೆ. ಎಕ್ಸ್‌ರೇ ಮೇಜಿನ ಮೇಲೆ ನಡುಗುತ್ತಾ ಮಲಗಿದವರಿಗೂ ಅದೇ ಕಥೆ ಹೇಳಿ ಧೈರ್ಯ ತುಂಬುತ್ತೀಯಂತೆ. ನಿಮ್ಮ ಸಿಸ್ಟರೇ ಹೇಳಿದರು.

ಈಗ ಶನಿವಾರಕ್ಕೆ ಡ್ಯೂಟಿ ಬದಲಾಯಿಸಿಕೊಂಡಿದ್ದೀಯ. ಆ ಮೊದಲ ಮೆಸೇಜಿನ ಸ್ಕ್ರೀನ್‌ಶಾಟ್‌ಗೆ ಫ್ರೇಮ್ ಹಾಕಿಸಿದ್ದೀಯ. ವೇದಿಕೆಯಲ್ಲಿ ಅದನ್ನು ಅವರ ಕೈಗಿಟ್ಟು, ನೆನಪಾಯ್ತಾ ಮೇಡಂ ಅಂತ ಕೇಳ್ತೀಯಂತೆ. ಅವರು ಯಾರಮ್ಮಾ ನೀನು ಅನ್ನುತ್ತಾರೆ ಗೂಬೆ. ಒಳ್ಳೆಯವರೇ, ಬೇಕಂತ ಅವಮಾನ ಮಾಡುವುದಿಲ್ಲ. ಆದರೆ ಅಲ್ಲಿ ಇನ್ನೂರು ಫೋನುಗಳು ಮೇಲೆದ್ದಿರುತ್ತವೆ. ಸಂಜೆಯೊಳಗೆ ಆ ವಿಡಿಯೋಗೆ ನಮ್ಮ ಗ್ರೂಪಿನವರೇ ನಗುವ ಮುಖಗಳನ್ನು ಸಾಲಾಗಿ ಅಂಟಿಸುತ್ತಾರೆ. ಬೇರೆಯವರ ವಿಡಿಯೋಗಳಿಗೆ ನಾವಿಬ್ಬರು ಅಂಟಿಸಿಲ್ಲವಾ.

ನೀನು ನನ್ನ ಜೊತೆ ಮಾತು ಬಿಟ್ಟರೆ ಬಿಡು. ಬಿಡಬೇಡ ಅನ್ನುವ ಹಕ್ಕು ನನಗಿಲ್ಲ, ಆಸೆ ಇದೆ. ಆದರೆ ನಿಜ ಎಲ್ಲರ ಮುಂದೆ ನಿನಗೆ ಅವರ ಬಾಯಿಂದ ಗೊತ್ತಾಗುವಂತೆ ಮಾಡಲಾರೆ. ಮರುಪರೀಕ್ಷೆ ಬರೆದವಳು ನೀನು, ಅದರಲ್ಲಿ ಅವರದೂ ಇಲ್ಲ, ನನ್ನದೂ ಇಲ್ಲ. ಫ್ರೇಮ್ ಮನೆಯಲ್ಲಿ ಬಿಟ್ಟು ಬಾ. ಅವರಿಗೆ ಹೇಳಲು ನಿನ್ನ ಹತ್ತಿರ ನಿಜವಾದ ಸಂಗತಿಗಳೇ ಹನ್ನೊಂದು ವರ್ಷದಷ್ಟಿವೆ. ನಾನು ರಿಬ್ಬನ್ ಕತ್ತರಿಯ ತಟ್ಟೆ ಹಿಡಿದು ವೇದಿಕೆಯ ಎಡಕ್ಕೆ ನಿಂತಿರುತ್ತೇನೆ. ಬೈಯುವುದಿದ್ದರೆ ತಟ್ಟೆ ಕೆಳಗಿಟ್ಟ ಮೇಲೆ ಬೈ.

ಇಷ್ಟೂ ದಿನ ಬಾಯಿ ಜಾಸ್ತಿಯಾಗಿದ್ದು, ಬೇಕಾದ್ದನ್ನು ಮಾತ್ರ ಹೇಳದಿದ್ದ,
ನಿನ್ನ ಬಾಯಿಬಡುಕಿ

ಮರೆತಿದ್ದೆ: ಲಕೋಟೆ ಅಂಟಿಸುವ ಹೊತ್ತಿಗೆ ಇದು ಹೊಳೆಯಿತು. ಎರಡನೇ ವಾರ ನೀನು ಮೇಡಂಗೆ ಒಂದು ಪರೀಕ್ಷೆ ಇಟ್ಟಿದ್ದೆ. ಎರಡನೇ ಸಿನಿಮಾದ ಬಸ್‌ಸ್ಟಾಪ್ ದೃಶ್ಯದಲ್ಲಿ ನಿಮ್ಮ ಕೊಡೆಯ ಎಷ್ಟು ಕಡ್ಡಿ ಮುರಿದಿತ್ತು ಅಂತ. ಒಂದೇ ನಿಮಿಷದಲ್ಲಿ ನಾನು ಉತ್ತರಿಸಿದೆ: ಎರಡು, ಹಿಡಿಕೆಗೆ ಕೆಂಪು ದಾರ ಸುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಈಗ ಯೋಚಿಸಿದರೆ, ನೂರಾರು ಕೊಡೆ ಹಿಡಿದ ನಟಿಗೆ ಅದೆಲ್ಲಿ ನೆನಪಿರುತ್ತೆ? ವಿಡಿಯೋ ನಿಲ್ಲಿಸಿ ನಿಲ್ಲಿಸಿ ಆ ಕಡ್ಡಿ ಎಣಿಸಿದವರು ಲೋಕದಲ್ಲಿ ನಾವಿಬ್ಬರೇ, ಗ್ರೂಪಿಗೂ ಹೇಳಬಾರದು ಅಂತ ಆಣೆ ಹಾಕಿದ್ದೆವು. ನನ್ನ ಉತ್ತರ ಬಂದ ಮೇಲೆ ನೀನು ಪೂರ್ತಿ ಒಂದು ದಿನ ಆನ್‌ಲೈನ್ ಬರಲಿಲ್ಲ. ಮಾರನೇ ದಿನ ಬಂದು, ಮೇಡಂ ಅಂತ ಶುರುಮಾಡಿ, ಮೊದಲ ಸಲ ಅಪ್ಪನ ವಿಷಯ ಹೇಳಿದೆ. ನನ್ನ ಬಾಯಿ, ಕಿವಿಯ ವಿಷಯ ಹೇಳಿದ್ದೂ ಅದೇ ವಾರ. ಧೈರ್ಯ ಇದ್ದರೆ ಶನಿವಾರ ನನ್ನ ಮುಖ ನೋಡಿ ಹೇಳು ಗೂಬೆ, ನಿನಗೆ ಅವತ್ತೇ ಗೊತ್ತಾಗಿತ್ತಾ, ಇಲ್ಲವಾ?