ಕಾಗದ ಹೇಳಿದ ದಾರಿ

ಹಿಂದಿನ ಕೋಣೆ, ಕಿಟಕಿಯ ಪಕ್ಕ
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ಫೋನಿನಲ್ಲಿ ನನ್ನಿಂದ ನೆಟ್ಟಗೆ ಉತ್ತರ ಬರುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನೆ ನೀನು "ಆ ವೆಬ್‌ಸೈಟ್ ಮುಚ್ಚಿಬಿಡಪ್ಪಾ, ಈಗ ಯಾರು ಓದ್ತಾರೆ ಅದನ್ನ? ತಿಂಗಳ ಕೊನೆಗೆ ವಾಯಿದೆ ಮುಗಿಯುತ್ತೆ, ಸುಮ್ನೆ ಬಿಟ್ಬಿಡು" ಅಂದೆ. ನಾನು ಸೆಕೆಯ ಮಾತು ತೆಗೆದೆ. ಇರಲಿ, ಮೊದಲು ನಿನ್ನ ಕತ್ತು ನೋವು ಹೇಗಿದೆ? ಆ ಕುರ್ಚಿ ಬದಲಿಸು ಅಂದರೆ ಕೇಳುವವಳಲ್ಲ ನೀನು. ಅಳಿಯಂದಿರ ಕೆಮ್ಮು ಇಳಿಯಿತೇ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ.

ಈಗ ವಿಷಯ. ಕಾಗದವನ್ನು 'ಐ ಬೆಗ್ ಟು ಸ್ಟೇಟ್' ಅಂತ ಶುರುಮಾಡಬೇಕು ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಅದರ ಮುಂದಿನದು ಮರೆತುಹೋಗಿದೆ. ಅಷ್ಟೇ ಇಂಗ್ಲಿಷ್ ಇಟ್ಟುಕೊಂಡು ಬದುಕಿದೆ ನೋಡು. ನನಗೆ ಗೊತ್ತಿದ್ದ ಪದಗಳೇ ಕಡಿಮೆ, ಅದಕ್ಕೇ ನನ್ನ ಬರವಣಿಗೆ ಬಹಳ ಸರಳ ಅಂತ ಹೆಸರಾಯಿತು. ಮೊದಲು ನಾನು ಪ್ರೋಗ್ರಾಮರ್ ಆಗಿದ್ದೆನಲ್ಲ, ನೀನಾಗ ಹುಟ್ಟಿರಲಿಲ್ಲ. ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಕೋಣೆಯನ್ನು ತಣ್ಣಗಿಡುತ್ತಿದ್ದರು. ನಾವು ಬಿರುಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಕೂರುತ್ತಿದ್ದೆವು. ಗೋದಾಮಿನ ಸಾಮಾನಿನ ಲೆಕ್ಕ ಇಡುವ ಪ್ರೋಗ್ರಾಮ್ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಮ್ಯಾನೇಜರು ಬಂದು, "ಏನಪ್ಪಾ, ನಿನ್ನ ಪ್ರೋಗ್ರಾಮ್ ಓಡ್ತಿಲ್ಲ. ಆದ್ರೆ ಅದು ಹೇಗೆ ಓಡಬೇಕು ಅಂತ ಬರೆದಿದೀಯಲ್ಲ, ಅದು ಮಾತ್ರ ಬಹಳ ಚೆನ್ನಾಗಿದೆ" ಅಂದರು. ಮುಂದಿನ ವಾರ ನನ್ನ ಮೇಜು ಕೈಪಿಡಿ ಬರೆಯುವವರ ಕೋಣೆಗೆ ಹೋಯಿತು.

ನಿಮ್ಮಮ್ಮ ನನ್ನ ಕೆಲಸದೊಳಗೆ ಕಾಲಿಟ್ಟದ್ದು ಆಗಲೇ. ನಮ್ಮ ಕಂಪನಿ ತಯಾರಿಸುವ ಬಟ್ಟೆ ಒಗೆಯುವ ಯಂತ್ರದ ಮಾದರಿಯೊಂದನ್ನು ಮನೆಗೆ ತಂದು, ನಾನು ಬರೆದ ಕೈಪಿಡಿಯನ್ನು ಅವಳ ಕೈಗೆ ಕೊಟ್ಟೆ. 'ಗುಂಡಿಯನ್ನು ಒತ್ತಿ ಹಿಡಿಯಿರಿ' ಎಂದಿತ್ತು. ಹಿಡಿದಳು. ಹಿಡಿದೇ ನಿಂತಳು. ಇನ್ನು ಬಿಡೇ ಅಂದರೆ, "ಬಿಡಿ ಅಂತ ಎಲ್ರೀ ಬರೆದಿದೀರಿ?" ಅಂದಳು. ಅವತ್ತಿನಿಂದ ಅವಳು ಕೈಯಾರೆ ಮಾಡಿ ನೋಡದ ಹಾಳೆ ಆಫೀಸಿಗೆ ಹೋಗಲಿಲ್ಲ. ಅವಳು ಓದಿಕೊಂಡು ಮಾಡುವಾಗ ನಾನು ತುಟಿ ಪಿಟಕ್ಕೆನ್ನಬಾರದು. ಅದು ನಮ್ಮಿಬ್ಬರ ಕಾನೂನು.

ವೆಬ್‌ಸೈಟೂ ಹಾಗೆಯೇ ಹುಟ್ಟಿತು. ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ನೆಂಟರೆಲ್ಲ ದಾರಿ ತಪ್ಪುತ್ತಿದ್ದರಲ್ಲ, ಅವರಿಗೆಂದು ಒಂದು ಪುಟ ಬರೆದೆ. ಆಮೇಲೆ ನದಿಯ ಮೆಟ್ಟಿಲಿಗೆ, ಹಳೇ ಪೇಟೆಗೆ, ಬೆಟ್ಟದ ಮೇಲಿನ ವಸತಿಗೆ. ಮುಂದೆ ಇನ್ನೆರಡು ಸೈಟುಗಳೂ ಆದವು, ಈಗ ಉಳಿದಿರುವುದು ಈ ದಾರಿಗಳದೊಂದೇ. ಪ್ರತಿ ದಾರಿಯಲ್ಲೂ ನಿಮ್ಮಮ್ಮ ಕಾಗದ ಹಿಡಿದು ಮುಂದೆ ನಡೆಯಬೇಕು, ನಾನು ಬಾಯಿ ಮುಚ್ಚಿಕೊಂಡು ಹಿಂದೆ. ಒಮ್ಮೆ ಸ್ಟೇಷನ್ನಿನಿಂದ ನದಿಯ ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ 'ಬೇಕರಿ ದಾಟಿ ಬಲಕ್ಕೆ' ಎಂದು ಬರೆದಿದ್ದೆ. ಬಲಕ್ಕೆ ಯಾರದೋ ಮನೆಯ ಗೇಟು ಇತ್ತು. ತಳ್ಳಿಕೊಂಡು ಒಳಗೆ ಹೋಗೇಬಿಟ್ಟಳು ಮಹಾರಾಯ್ತಿ! ನಾನು ಕಾನೂನಿಗೆ ಕಟ್ಟುಬಿದ್ದು ಬಿಸಿಲಲ್ಲಿ ನಿಂತೆ. ಬಹಳ ಹೊತ್ತಾದ ಮೇಲೆ ಆ ಮನೆಯ ಅಜ್ಜಿಯ ಜೊತೆ ನಗುತ್ತಾ ಬಂದಳು, ಟೀ ಕುಡಿದು! "ಕಾಗದ ಹೇಳಿದ ಹಾಗೆ ಹೋದೆ ಕಣ್ರೀ. ನೀವ್ಯಾಕೆ ಹೊರಗೇ ನಿಂತ್ರಿ?" 'ಗೇಟು ಬಿಟ್ಟು ಮುಂದಿನ ಸಂದಿ' ಎಂದು ಆ ರಾತ್ರಿಯೇ ತಿದ್ದಿದೆ.

ಅವಳು ಹೋದ ಮೇಲೆ ಅದರಲ್ಲಿ ಒಂದು ಸಾಲನ್ನೂ ಮುಟ್ಟಿಲ್ಲ. ಯಾರೂ ಓದುವುದಿಲ್ಲ ಅಂದೆಯಲ್ಲ, ಕಳೆದ ವಾರ ಒಬ್ಬ ಪ್ರವಾಸಿ ಹೆಂಗಸು ಬರೆದಿದ್ದಾರೆ. ಬೇಕರಿ ಈಗ ಇಲ್ಲವಂತೆ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆಯಂತೆ. ಮಕ್ಕಳನ್ನು ಕಟ್ಟಿಕೊಂಡು ಆ ಬೀದಿಯಲ್ಲಿ ಮೇಲೆ ಕೆಳಗೆ ಅಲೆದರಂತೆ. ಬೈದಿಲ್ಲ ಪಾಪ. 'ನಿಮ್ಮ ಬೇಕರಿ ಹುಡುಕಿ ಹಸಿವಾಯಿತು' ಎಂದಿದ್ದಾರೆ. ನನಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಹೊಸದಾಗಿ ಬರೆದು, ಕಾಗದ ಹಿಡಿದು ನಾನೇ ಹೊರಟೆ. ಆಗಲಿಲ್ಲ ಪುಟ್ಟೀ. ಕಾಗದದಲ್ಲಿ ಒಂದು ತಿರುವನ್ನೇ ಬರೆಯದೆ ಬಿಟ್ಟಿದ್ದೆ, ಕಾಲು ತಾನಾಗಿ ತಿರುಗಿ ನದಿಯ ಮೆಟ್ಟಿಲ ಮುಂದೆ ನಿಲ್ಲಿಸಿತು. ದಾರಿ ಗೊತ್ತಿದ್ದವನು ದಾರಿ ತಪ್ಪುವುದು ಹೇಗೆ? ಗೊತ್ತಿಲ್ಲದವರ ಹಾಗೆ ನಡೆಯುವುದು ಅವಳಿಗೆ ಬರುತ್ತಿತ್ತು. ಎಷ್ಟು ಸಲ ಹೋದ ಬೀದಿಯಾದರೂ ಕಾಗದ ಹೇಳದೆ ಅವಳು ತಿರುಗುತ್ತಿರಲಿಲ್ಲ.

ಆದ್ದರಿಂದ ನೀನು ಹೇಳುವ ಮುಂಚೆಯೇ, ಮುಚ್ಚುವುದೇ ಸರಿಯೇನೋ ಅಂತ ಮೂರು ದಿನ ಯೋಚಿಸಿದ್ದೆ. ತಪ್ಪು ದಾರಿ ತೋರಿಸುವುದಕ್ಕಿಂತ ದಾರಿ ತೋರಿಸದಿರುವುದೇ ಮೇಲಲ್ಲವೇ? ಹಾಗಂದುಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಆ ಗೇಟಿನ ಸಾಲು ಕಣ್ಣಿಗೆ ಬಿತ್ತು. ಅದನ್ನು ಹೇಗೆ... ಅಯ್ಯೋ, ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ದೀಪ ಹಾಕಲು ಏಳಬೇಕು, ಎದ್ದರೆ ಮತ್ತೆ ಕೂರುವವನಲ್ಲ. ಅಳಿಯಂದಿರಿಗೆ ನನ್ನ ನೆನಪು ಹೇಳು. ನೀವಿಬ್ಬರೂ ನಗುನಗುತ್ತಾ ಇರಿ.

ನಿನ್ನ
ಅಪ್ಪ

ತಾ.ಕ.: ಸೈಟಿನ ವಾಯಿದೆಯನ್ನು ಇವತ್ತು ಬೆಳಿಗ್ಗೆಯೇ ಮುಂದುವರಿಸಿದ್ದೇನೆ, ಬೈಯಬೇಡ. ಎಷ್ಟು ಸಲ ನಡೆದರೂ ನಿನಗೆ ದಾರಿ ತಿಳಿಯದಿರುವುದು ಅಮ್ಮನ ಕಡೆಯಿಂದ ಬಂದ ಆಸ್ತಿ. ಈಗ ಅದು ನನಗೆ ಬೇಕಾಗಿದೆ. ಮುಂದಿನ ವಾರ ಬಾ. ಫೋನನ್ನು ಇಲ್ಲಿ ಮನೆಯಲ್ಲೇ ಬಿಟ್ಟು, ನಾನು ಹೊಸದಾಗಿ ಬರೆದ ಕಾಗದ ಹಿಡಿದು ಸ್ಟೇಷನ್ನಿನಿಂದ ನದಿಯ ಮೆಟ್ಟಿಲವರೆಗೆ ನಡೆ. ಯಾರ ಮನೆಯೊಳಗೆ ಹೊಕ್ಕರೂ ಪರವಾಗಿಲ್ಲ, ತಿರುಗಿ ನೋಡಿ ನನ್ನನ್ನು ಕೇಳಬೇಡ. ನಾನು ಬಾಯಿ ಬಿಡುವುದಿಲ್ಲ, ಹಿಂದೆಯೇ ಇರುತ್ತೇನೆ.