ಉಣ್ಣೆಯ ಗಂಟಿನೊಳಗೆ ಇಟ್ಟ ಪತ್ರ

ವಿಜಯಪುರ
ಭಾನುವಾರ, ೮ ಜೂನ್ ೨೦೨೫

ನೇತ್ರಾಳ ಅಪ್ಪನವರಿಗೆ,

ನಮಸ್ಕಾರ. ರೂಢಿ ಎಂದು ಬರೆದೆ, ಮನಸ್ಸಿನಿಂದ ಅಲ್ಲ.

ಈ ಕಾಗದ ಸಿಕ್ಕಿದೆ ಎಂದರೆ ನೀವು ಮನಾಲಿ ಮುಟ್ಟಿದ್ದೀರಿ, ಚಳಿ ಹತ್ತಿದೆ, ಮೂರನೆಯ ಗಂಟು ಬಿಚ್ಚಿದ್ದೀರಿ. ಅದಕ್ಕಿಂತ ಮೊದಲು ಬಿಚ್ಚಿ ನೋಡುವವರಲ್ಲ ನೀವು. ಇಪ್ಪತ್ತೆರಡು ವರ್ಷ ಬೇಕಾದ ಹೊತ್ತಿಗೆ ಬೇಕಾದ ಬಟ್ಟೆ ತಾನಾಗಿ ಕೈಗೆ ಬಂದಿದೆಯಲ್ಲ! ಫೋನಿನಲ್ಲೇ ಬೈಯಬಹುದಿತ್ತು. ಆದರೆ ನೀವು ಸ್ಪೀಕರಿಗೆ ಹಾಕಿ ಗೆಳೆಯರಿಗೆಲ್ಲ ಕೇಳಿಸಿ ನಗುತ್ತೀರಿ. ಕಾಗದವನ್ನು ಒಬ್ಬರೇ ಓದಬೇಕು. ಓದಿ.

ಮೊದಲು ಬಟ್ಟೆಯ ಮಾತು. ಮೇಲಿನ ಗಂಟು ಸೋಲಾಪುರದಿಂದ ರಾಜಸ್ಥಾನದ ತನಕ: ತೆಳ್ಳನೆಯ ಹತ್ತಿ ಅಂಗಿ, ಬನಿಯನ್, ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳಲು ಎರಡು ಟವೆಲ್. ನಡುವಿನದು ಪಂಜಾಬಿನ ಬೆವರಿಗೆ ಮತ್ತು ಬೆಟ್ಟದ ಮಳೆಗೆ, ಅದರಲ್ಲಿ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೆ. ತಳದಲ್ಲಿದ್ದದ್ದು ಇದು, ಲಡಾಖಿಗೆ. ಒಂದೇ ದಪ್ಪನೆಯದನ್ನು ಹಾಕಿಕೊಂಡು ನಡುಗಬೇಡಿ. ಒಂದರ ಮೇಲೊಂದು ತೆಳ್ಳಗಿನವನ್ನು ಹಾಕಿಕೊಳ್ಳಿ, ಬೆವರಿದರೆ ಒಂದೊಂದೇ ತೆಗೆಯಿರಿ. ಇದನ್ನೆಲ್ಲ ಇಪ್ಪತ್ತು ದಿನ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಹಳೆಯ ಇಲಕಲ್ ಸೀರೆ ಹರಿದು ಗಂಟು ಕಟ್ಟಿದೆ. ಪ್ರತಿ ಗಂಟಿನಲ್ಲೂ ಅರ್ಧ ನಿಮ್ಮದು, ಅರ್ಧ ನನ್ನದು. ನಿನ್ನೆ ಸಂಜೆ ನನ್ನ ಅರ್ಧ ತೆಗೆದೆ. ಮೂರೂ ಗಂಟು ಸಡಿಲಾದವು, ಮತ್ತೆ ಬಿಗಿದು ಕಟ್ಟಿದೆ.

ನಿಮ್ಮ ಗೆಳೆಯ ಅಕ್ರಮ್ ಅಣ್ಣ, ಆತನ ಹೆಂಡತಿ ಸಬೀರಾ, ನೀವು, ನಾನು, ನಾಲ್ವರೂ ಅವರ ಕಾರಿನಲ್ಲಿ ಲಡಾಖಿಗೆ ಹೋಗೋಣ ಎಂದು ಯುಗಾದಿಯಿಂದ ಹೇಳುತ್ತ ಬಂದವರು ನೀವೇ. ನಿನ್ನೆ ಗ್ಲೌಸ್ ಕೇಳಲು ಸಬೀರಾಳ ಮನೆಗೆ ಹೋಗಿದ್ದೆ. ಆಕೆ ಕಣ್ಣು ಕಣ್ಣು ಬಿಟ್ಟು, "ಅಕ್ಕಾ, ನೀವೂ ಹೋಗೂದಿಲ್ಲಲ್ರಿ, ಗ್ಲೌಸ್ ಯಾಕ್ರಿ?" ಎಂದಳು. ಹೆಂಗಸರು ಬೇಡ, ಇನ್ನಿಬ್ಬರು ಗೆಳೆಯರನ್ನು ಕರೆದುಕೊಂಡು ಹೋಗೋಣ ಎಂದು ನೀವು ಗಂಡಸರು ತೀರ್ಮಾನಿಸಿ ಇಪ್ಪತ್ತು ದಿನವಾಗಿತ್ತಂತೆ. ಅಕ್ರಮ್ ಅಣ್ಣ ಅವತ್ತೇ ಹೆಂಡತಿಯ ಮುಂದೆ ಕುಳಿತು ಹೇಳಿದನಂತೆ. ಆಕೆ ಅತ್ತಳು, ಜಗಳವಾಡಿದಳು, ಮುಗಿಯಿತು. ನೀವು ಅವರಿಗೆಲ್ಲ ಏನು ಹೇಳಿದಿರಿ? "ನಮ್ಮಾಕಿನ ಒಲ್ಲೆ ಅಂದಾಳ, ಆಕಿಗೆ ಥಂಡಿ ಹವಾ ಆಗೂದಿಲ್ಲ." ನಾನು ಯಾವಾಗ ಒಲ್ಲೆ ಎಂದೆ?

ಮನೆಗೆ ಬಂದು ಕೇಳಿದರೆ ನಿಮಗೆ ನಗು. "ಮೊದಲ ಹೇಳಿದ್ರ ನೀ ಇಷ್ಟ ಛಲೋ ಕಟ್ಟತಿದ್ದಿಲ್ಲ" ಎಂದಿರಿ. ಆ ಮಾತು ಇನ್ನೂ ಎದೆಯಲ್ಲಿ ಉರಿಯುತ್ತಿದೆ. ದಾರಿ ಕೆಟ್ಟಿದೆ, ನೀನು ಬರಬೇಡ ಎಂದು ಮುಖಕ್ಕೆ ಹೇಳಿದ್ದರೆ ಕೂಗಾಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಕಟ್ಟಿಯೇ ಕೊಡುತ್ತಿದ್ದೆ. ಆದರೆ ನನ್ನ ಆಸೆಯನ್ನೇ ಕೂಲಿಯಾಳು ಮಾಡಿ ದುಡಿಸಿಕೊಂಡಿರಿ. ನಾನು ನನ್ನ ಕಾಲುಚೀಲ ಮಡಚಿಡುವಾಗ ಪಕ್ಕದಲ್ಲೇ ಕುಳಿತು ಚಹಾ ಕುಡಿದಿರಲ್ಲ, ಗಂಟಲಿಗೆ ಹೇಗೆ ಇಳಿಯಿತು?

ಅದಕ್ಕಿಂತ ದೊಡ್ಡ ತಪ್ಪು ಬಿಜ್ಜರಗಿಯಲ್ಲಿ ಆಯಿತು. ಹೋದ ಮಂಗಳವಾರ ನೀವೇ ನನ್ನನ್ನು ತವರಿಗೆ ಕರೆದೊಯ್ದಿರಿ. ದೂರದ ಪ್ರಯಾಣ ಎಂದು ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ನನ್ನ ಉಡಿ ತುಂಬಿದಳು. ಓಣಿಯ ಐದು ಜನ ಮುತ್ತೈದೆಯರು ಬಂದು ಅಕ್ಕಿಕಾಳು ಹಾಕಿ ಹರಸಿದರು. ನಾನು ಹೋಗುವುದಿಲ್ಲ ಎಂದು ಗೊತ್ತಿದ್ದೂ ನೀವು ಅಲ್ಲೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿರಿ. ನನಗೆ ಮಾಡಿದ್ದನ್ನು ಬಿಡಿ, ನನ್ನ ಅವ್ವನ ಕೈಯಿಂದ ಸುಳ್ಳು ಉಡಿ ತುಂಬಿಸಿದಿರಿ. ಇವತ್ತು ಬೆಳಗ್ಗೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಪ್ರಯಾಣಕ್ಕಂತ ಉಡಿ ತುಂಬಿಸಿಕೊಂಡಾಕಿ ಮನ್ಯಾಗ ಕುಂದರಬಾರ್ದ ಯವ್ವಾ. ಯಾವುದರ ಒಂದ ಊರಿಗೆ ಹೋಗಿ ಬರಬೇಕ" ಎಂದಳು.

ಅದನ್ನು ನಿಮಗೆ ಹೇಳಿದರೆ ಹಲ್ಲುಜ್ಜುತ್ತಲೇ ಏನೆಂದಿರಿ? "ಟಿಕೋಟಾಕ್ಕ ಹೋಗಿ ಬಾ. ಅದೇನ ಊರ ಅಲ್ಲೇನ?" ಇಲ್ಲಿಂದ ಅರ್ಧ ತಾಸಿನ ದಾರಿ ಅದು. ಅಂಗಳದಲ್ಲಿ ಕುಳಿತಿದ್ದ ಅತ್ತೆಯವರಿಗೂ ಕೇಳಿಸಿತು. ಅವರು ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡಿದರು. ನೀವು ನೋಡಲಿಲ್ಲ.

ಈಗ ನೀವು ಕ್ಷೌರಕ್ಕೆ ಹೋಗಿದ್ದೀರಿ, ಬರುವಷ್ಟರಲ್ಲಿ ಇದನ್ನು ಮುಗಿಸಿ ಗಂಟಿಗೆ ಸೇರಿಸಬೇಕು. ನಾಳೆ ಬೆಳಗ್ಗೆ ಬಾಗಿಲಲ್ಲಿ ನಿಂತು ಕೈಬೀಸುತ್ತೇನೆ. ಸಿಟ್ಟು ಇಳಿದಿದೆ ಎಂದುಕೊಳ್ಳುತ್ತೀರಿ. ಎತ್ತರದ ಊರಿನಲ್ಲಿ ತಲೆನೋವು ಬಂದರೆ ಸುಮ್ಮನೆ ಮಲಗಿ, ಗೆಳೆಯರ ಮುಂದೆ ಶೂರರಾಗಬೇಡಿ. ಇದನ್ನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಇಂತಿ,
ವಿಜಯಲಕ್ಷ್ಮೀ
("ನಿಮ್ಮ" ಎಂದು ಮೊದಲು ಬರೆದು ಹೊಡೆದುಹಾಕಿದ್ದೇನೆ, ನಿಮಗೂ ಕಾಣಲಿ.)

ತಾ.ಕ.: ನಿಮ್ಮ ಮಾತು ಮೀರುವುದಿಲ್ಲ, ಗುರುವಾರ ಟಿಕೋಟಾಕ್ಕೆ ಹೋಗುತ್ತೇನೆ. ಅಲ್ಲಿಂದ ಬದರಿಗೆ ಯಾತ್ರೆಯ ಬಸ್ಸು ಹೊರಡುತ್ತದೆ, ಹೋಗಿ ಬರಲು ಇಪ್ಪತ್ತೆರಡು ದಿನ. ನೀವು ಇದನ್ನು ಓದುವ ಹೊತ್ತಿಗೆ ಬಸ್ಸು ಹೊರಟುಬಿಟ್ಟಿರುತ್ತದೆ, ತಡೆಯುವ ಮಾತಿಲ್ಲ. ಕಿಟಕಿಯ ಸೀಟು ನನ್ನದು, ಪಕ್ಕದ್ದು ನಿಮ್ಮ ಅವ್ವನವರದು. ಬಸ್ಸಿನ ಸುದ್ದಿ ತಂದವರೇ ಅವರು. "ನಿಮ್ಮ ಮಾವನೂ ಹಿಂಗ, ಮುಂದಿನ ವರ್ಷ ಕರಕೊಂಡ ಹೋಗ್ತೇನಿ ಅನಕೋತ ಸತ್ತ ಹೋದ್ರು. ನಾನೂ ಬರ್ತೇನಿ, ಅವಗ ಹೇಳಬ್ಯಾಡ" ಎಂದರು. ಅವರ ಹತ್ತಿರ ಚಳಿಗೆಂದು ಏನೂ ಇಲ್ಲ. ಆದ್ದರಿಂದ ನಿಮ್ಮ ನೀಲಿ ಸ್ವೆಟರನ್ನು ಈ ಗಂಟಿನಲ್ಲಿ ಹುಡುಕಬೇಡಿ. ಈಗಷ್ಟೇ ಅದನ್ನು ಸೀರೆಯ ಮೇಲೆ ಹಾಕಿಕೊಂಡು, ತೋಳು ಎರಡು ಸಲ ಮಡಚಿ, ಕನ್ನಡಿಯ ಮುಂದೆ ನಿಂತಿದ್ದಾರೆ. ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ನನ್ನನ್ನು ಕೇಳುತ್ತಿದ್ದಾರೆ.